ಗಾಲಿಗೆ ಬಡಿದು ಕೇಳುವುದು

ಗದಗ ರೋಡಿನ ಶಾಲೆ, ಒಂಬತ್ತನೆಯ ತರಗತಿ, 'ಬ' ವಿಭಾಗ.
ನಲವತ್ತೆರಡು ಪ್ರಬಂಧ. ವಿಷಯ: ನನ್ನ ತಂದೆ.
ನಲವತ್ತೊಂದು ಅಪ್ಪಂದಿರು ಆಲದ ಮರದಂತೆ ನಿಂತಿದ್ದಾರೆ
ನನ್ನ ಅಡಿಗೆಮನೆಯ ಟೇಬಲ್ಲಿನ ಮೇಲೆ,
ಬಿಳಲು ಬಿಟ್ಟು, ನೆರಳು ಚೆಲ್ಲಿ,
ತ್ಯಾಗದ ಮೂರ್ತಿಗಳಾಗಿ, ಮಮತೆಯ ಕಡಲಾಗಿ.
ಸಾರಿನ ಪಾತ್ರೆ ಇಡಲು ಜಾಗವಿಲ್ಲ.

ತಪ್ಪು ಅವರದಲ್ಲ. ಬೋರ್ಡಿನ ಮೇಲೆ
ಆ ಮರ ನೆಟ್ಟವಳು ನಾನೇ.
'ಅಲಂಕಾರ ಅಂದರ ಒಡವೆ' ಅಂದಿದ್ದೆ,
'ಮಾತಿನ ಮೈಮ್ಯಾಲ ಹಾಕೂದು.
ಒಂದು ಉಪಮೆಗೆ ಅರ್ಧ ಮಾರ್ಕು.'
ಇಪ್ಪತ್ತೆರಡು ವರ್ಷದಿಂದ ಅದೇ ದರ;
ಏರಿದ್ದು ಬಂಗಾರದ್ದಷ್ಟೇ.

ಉಳಿದದ್ದು ಒಂದು. ಶಮಶಾದ ನದಾಫ.
ಎಂಟೇ ಸಾಲು:

'ನಮ್ಮಪ್ಪ ರೈಲಿನ ಗಾಲಿಗೆ ಸುತ್ತಿಗೀಲೆ ಬಡಿತಾನ.
ಬಡದು ಕೇಳತಾನ.
ಛಲೋ ಗಾಲಿ ಠಣ್ ಅಂತೈತಿ.
ಒಡದಿದ್ದು ಠಪ್ ಅಂತೈತಿ.
ಗಾಲಿ ಸುಳ್ಳು ಹೇಳೂದಿಲ್ಲ.
ಅಪ್ಪ ಮನ್ಯಾಗ ಭಾಳ ಮಾತಾಡೂದಿಲ್ಲ.
ನಾವು ಮಾತಾಡೂಮುಂದ ಅವನ ತಲಿ ಒಂದೀಟು ವಾಲತೈತಿ.
ನಾ ಆರಾಮ ಅದೀನಿ ಅಂದ್ರೂ ಅವಗ ತಿಳಿತೈತಿ.'

ಐದಕ್ಕೆ ಎರಡು ಹಾಕಿದೆ.
ಕೆಂಪು ಶಾಯಿಯಲ್ಲಿ: ಗ್ರಾಂಥಿಕ ಭಾಷೆ ಬಳಸು. ಅಲಂಕಾರವಿಲ್ಲ.
ಕಟ್ಟಿಗೆ ರಬ್ಬರ್ ಬ್ಯಾಂಡು ಹಾಕಿ ದೀಪ ಆರಿಸಿದೆ.

ರಾತ್ರಿ ಎರಡೂವರೆಗೆ ಯಾರ್ಡಿನಲ್ಲಿ ಗೂಡ್ಸು ನಿಂತಿತು.
ಈ ಮನೆಗೆ ಬಂದು ಒಂಬತ್ತು ವರ್ಷ,
ಆ ಸದ್ದಿಗೆ ಒಮ್ಮೆಯೂ ಎಚ್ಚರಾದವಳಲ್ಲ.
ಠಣ್.
ಜಲ್ಲಿಯ ಮೇಲೆ ಹೆಜ್ಜೆ.
ಠಣ್.
ಮತ್ತೆ ಜಲ್ಲಿ. ಠಣ್.
ಯಾರೋ ಒಂದೇ ಪ್ರಶ್ನೆಯನ್ನ ಮುನ್ನೂರು ಗಾಲಿಗೆ
ಬೇಸರವಿಲ್ಲದೆ ಕೇಳುತ್ತ ಹೊರಟಿದ್ದಾರೆ,
ಪ್ರತಿ ಸಲವೂ ತಲೆ ವಾಲಿಸಿ.

ಕತ್ತಲಲ್ಲಿ ಎದ್ದು ಕೂತು
ನನ್ನ ಪಾಠವನ್ನೇ ಬಡಿದು ನೋಡಿದೆ.
ಒಂದೇ ಮಾತು ಎರಡು ಸಲ ಯಾಕೆ? ಬರೆಸಿದ್ದೆ: ಒತ್ತು ಕೊಡಲು.
ಠಪ್.
ಉತ್ತರ ಬೇಡದಾಗ ಪ್ರಶ್ನೆ ಯಾಕೆ? ಓದುಗರ ಗಮನ ಸೆಳೆಯಲು.
ಠಪ್.
ಉಪಮೆ ಯಾಕೆ? ಸೊಗಸಿಗೆ.
ಠಪ್. ಈ ಗಾಡಿ ಉಣಕಲ್ಲೂ ದಾಟುವುದಿಲ್ಲ.

ಒಡವೆ ಅಂದೆನಲ್ಲ, ಅದನ್ನಾದರೂ ಪೂರಾ ಹೇಳಿದೆನೇ?
ಅವ್ವನ ಬೋರಮಾಳ ನಾನು ಕಂಡದ್ದು
ಅವಳ ಕೊರಳಲ್ಲಿ ಕಡಿಮೆ,
ದುರ್ಗದಬೈಲಿನ ಅಂಗಡಿಯ ತಕ್ಕಡಿಯಲ್ಲಿ ಹೆಚ್ಚು.
ನನ್ನ ಬಿ.ಎಡ್. ಫೀಸಿಗೆ ಹೋಯಿತು,
ಅಣ್ಣನ ಕಾಲು ಮುರಿದಾಗ ಹೋಯಿತು,
ತಿರುಗಿ ಬಂದಾಗ ಅರಿವೆಯಲ್ಲಿ ಸುತ್ತಿ ಜೋಳದ ಡಬ್ಬಿಯೊಳಗೆ.
ಹೊಳೆಯಲು ಅದಕ್ಕೆ ಪುರುಸೊತ್ತೇ ಇರಲಿಲ್ಲ.

ಬೆಳಿಗ್ಗೆ ನಲ್ಲಿಯ ಹತ್ತಿರ ಶಮಶಾದಳನ್ನ ಹಿಡಿದೆ.
'ಗಾಲಿ ಸುಳ್ಳು ಹೇಳೂದಿಲ್ಲ ಅಂತ ಬರದೀಯಲ್ಲ,
ಜೀವ ಇಲ್ಲದ್ದಕ್ಕ ಮನಶ್ಯಾರ ಗುಣ ಕೊಟ್ಟೀದಿ.
ಅದೂ ಅಲಂಕಾರನ. ನಾ ನೋಡಲಿಲ್ಲ.'
ಗದ್ದದ ನೀರು ಒರೆಸಿಕೊಂಡು
'ಅಲ್ರಿ ಟೀಚರ್' ಅಂದಳು,
'ಅದು ಖರೇನ ಹಂಗ.'

ಇನ್ನೊಂದು ಹೇಳುವುದಿತ್ತು:
ಅಪ್ಪನನ್ನು ನೀನು ಯಾವುದಕ್ಕೂ ಹೋಲಿಸಲಿಲ್ಲ ಹುಡುಗಿ,
ಗಾಲಿಗಳ ಸಾಲಿನಲ್ಲಿ
ಸದ್ದಿಲ್ಲದೆ ನೀನೇ ಹೋಗಿ ನಿಂತೆ.
ಗಂಟೆ ಹೊಡೆಯಿತು. ಓಡಿದಳು.

ಎರಡನ್ನು ಹೊಡೆದು ನಾಲ್ಕೂವರೆ ಮಾಡಿದೆ.
'ತಿದ್ದಿದ್ದಕ್ಕ ಕಾರಣ ಬರೀರಿ' ಅಂದರು ಹೆಡ್‌ಮಾಸ್ತರು.
ಪೆನ್ನು ತೆಗೆದೆ. 'ಈ ವಿದ್ಯಾರ್ಥಿನಿಯ ಬರಹ' ಅಂತ ಬರೆದದ್ದೇ
ರೂಢಿಯ ಕೈಗೆ 'ಮುತ್ತಿನಂತೆ' ಬಂದುಬಿಟ್ಟಿತು.
ಬಡಿದು ನೋಡಿದೆ.
ಕಾಟು ಹಾಕಿದೆ.
ಅದರ ಕೆಳಗೆ: ಮೊದಲ ಸಲ ನನಗೆ ಕೇಳಿಸಿರಲಿಲ್ಲ.

ಅವರು ಕನ್ನಡಕ ಹಣೆಗೆ ಏರಿಸಿ
ಎರಡು ಸಲ ಓದಿದರು.
'ಪ್ರಬಂಧ ಓದೂದಲ್ರೀ ಬಾಯಾರ, ಕೇಳೂದ್ಯಾಕ?'